ಮಚ್ಚರದಾನಿ ಬಾಬುವಿನ ಅರ್ಧ ಪುಸ್ತಕ

ವಾಚನಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ನಮ್ಮ ಮನೆಗೆ ಬಂದಿದ್ದಳು. "ಅಕ್ಕಾರ, ಈ ಕೆಲಸದಾಗ ಮೊದಲು ಏನ್ ಕಲೀಬೇಕ್ರಿ?" ಎಂದು ಕೇಳಿದಳು. ಕಣ್ಣು ಬಿಟ್ಟುಕೊಂಡು ನಿದ್ದೆ ಮಾಡುವುದನ್ನು ಕಲಿ ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಮಸ್ಕಿಯ ಮಧ್ಯಾಹ್ನದ ಬಿಸಿಲಿಗೆ ವಾಚನಾಲಯಕ್ಕೆ ಬರುವವರಲ್ಲಿ ಓದುವವರು ಕಡಿಮೆ, ಫ್ಯಾನಿನ ಕೆಳಗೆ ಕೂರುವವರು ಹೆಚ್ಚು. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಮಲಗುತ್ತಾರೆ, ನಾವು ರಿಜಿಸ್ಟರ್ ಮುಂದಿಟ್ಟುಕೊಂಡು ಮಲಗುತ್ತೇವೆ. ಇಬ್ಬರೂ ಒಬ್ಬರನ್ನೊಬ್ಬರು ಎಬ್ಬಿಸಬಾರದು, ಅದೇ ಶಿಸ್ತು.

ನಾನು ದುಡಿದದ್ದು ಒಂದು ಟ್ರಸ್ಟಿನ ವಾಚನಾಲಯದಲ್ಲಿ. ಮಸ್ಕಿ, ಲಿಂಗಸುಗೂರು, ಸಿಂಧನೂರಿನಲ್ಲಿ ಅದರ ಒಂದೊಂದು ಶಾಖೆ ಇತ್ತು. ಟ್ರಸ್ಟಿನ ಹೆಸರು ಹೇಳುವುದಿಲ್ಲ. ಪೆನ್ಶನ್ ಕೊಡುತ್ತಿದ್ದರೆ ಹೇಳುತ್ತಿದ್ದೆ. ಬಡ್ತಿ ಸಿಕ್ಕಿದ್ದು ಒಂದೇ ಸಲ. ಅದರಿಂದ ಕೈಯಿಲ್ಲದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಬಂತು, ಅಷ್ಟೆ. ಆದ್ದರಿಂದ ಅದನ್ನು ಬಿಟ್ಟು, ಪುಸ್ತಕ ಅಂದರೆ ಏನು ಎಂದು ನನಗೆ ಕಲಿಸಿದ ಒಬ್ಬ ವ್ಯಾಪಾರಿಯ ವಿಷಯ ಹೇಳುತ್ತೇನೆ. ಅವನು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ, ಮಾರುತ್ತಿದ್ದದ್ದು ಸೊಳ್ಳೆ ಪರದೆ, ಅವನ ಬಾಯಲ್ಲಿ ಮಚ್ಚರದಾನಿ.

ಮಸ್ಕಿಯಲ್ಲಿ ನನ್ನ ಮೊದಲ ಮೇಲಧಿಕಾರಿ ವೆಂಕೋಬರಾಯರು. ಒಳ್ಳೆಯ ಮನುಷ್ಯ, ಆದರೆ ಅಚ್ಚುಕಟ್ಟಿನ ಹುಚ್ಚು. ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸಿದರೆ ಕಪಾಟಿನಲ್ಲಿ ಏರುತಗ್ಗು ಕಾಣುತ್ತದೆಂದು ಎತ್ತರದ ಪ್ರಕಾರ ಜೋಡಿಸಿದರು. ಟ್ರಸ್ಟಿನವರು ತಪಾಸಣೆಗೆ ಬಂದು ಭೇಷ್ ಎಂದರು. ಯಾರಾದರೂ ಪುಸ್ತಕ ಕೇಳಿದರೆ ಮಾತ್ರ ನಾನು, "ಎಷ್ಟು ಎತ್ತರ ಇತ್ತು, ಸ್ವಲ್ಪ ಕೈಲೆ ತೋರಸ್ರಿ" ಎನ್ನಬೇಕಾಗುತ್ತಿತ್ತು.

ಹರಿದ ಪುಸ್ತಕ ಕಂಡರೆ ರಾಯರಿಗೆ ಆಗುತ್ತಿರಲಿಲ್ಲ. ಕಾದಂಬರಿ ಹರಿದರೆ ರದ್ದಿಗೆ. ಪುರಾಣ, ಭಜನೆ, ವ್ರತಕಥೆ ಹರಿದರೆ ರದ್ದಿಗೆ ಹಾಕಲು ಅವರಿಗೆ ಭಯ. ನಮ್ಮ ಕಡೆ ಅಂಥವನ್ನು ನೀರಿಗೆ ಬಿಡುವುದು ರೂಢಿ.

"ನಾಗಮ್ಮಾ, ಇವನ್ನ ರದ್ದಿಗೆ ಹಾಕಿದ್ರ ಪಾಪ ಬರ್ತದ. ಕಾಲುವ್ಯಾಗ ಬಿಟ್ಟು ಬಾ. ಮ್ಯಾಲ ನಾಕು ಹೂವು ಹಾಕು" ಎಂದರು.

ನಾನು ಗಂಟು ಹೊತ್ತು ಕಾಲುವೆಗೆ ಹೋದೆ. ಒಂದೊಂದಕ್ಕೂ ಕುಂಕುಮ ಹಚ್ಚಿ, ಹೂವು ಇಟ್ಟು, ಕೈಮುಗಿದು ಬಿಟ್ಟೆ. ಪುಸ್ತಕಗಳು ಹೂವು ಹೊತ್ತು ತೇಲಿಹೋದವು. ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ನೋಡಿದರೆ, ಸ್ವಲ್ಪ ಕೆಳಗೆ ನಡುಮಟ್ಟ ನೀರಿನಲ್ಲಿ ಒಬ್ಬ ಮನುಷ್ಯ ಎರಡು ಕೋಲಿಗೆ ಸೊಳ್ಳೆ ಪರದೆ ಕಟ್ಟಿ ಅಡ್ಡ ಹಿಡಿದು ನಿಂತಿದ್ದಾನೆ. ನನ್ನ ಪುರಾಣಗಳು ಒಂದರ ಹಿಂದೆ ಒಂದು ಹೋಗಿ ಪರದೆಗೆ ಬೀಳುತ್ತಿವೆ.

"ಏಯ್! ಅವು ದೇವರಿಗೆ ಬಿಟ್ಟಿದ್ದು!" ಎಂದು ಕೂಗಿದೆ.

"ದೇವರು ಬ್ಯಾಡ ಅಂದ ದೀದಿ. ನನಗ ಕಳಿಸ್ಯಾನ" ಎಂದ ಅವನು, ಒಂದು ಪುಸ್ತಕದ ನೀರು ಹಿಂಡುತ್ತ. "ನೀವು ಬಿಟ್ರಿ, ನಾ ಹಿಡದೆ. ಮೀನಾಗಿದ್ರ ಜಗಳ ಮಾಡ್ತಿದ್ರೇನು?"

ಅವನೇ ಹರಿಪದ. ಊರವರ ಬಾಯಲ್ಲಿ ಮಚ್ಚರದಾನಿ ಬಾಬು. ಸಿಂಧನೂರಿನ ಹತ್ತಿರ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಳಿ. ಆ ಪುಸ್ತಕಗಳನ್ನು ಕಾಲುವೆ ಕಟ್ಟೆಯ ಮೇಲೆ ಹಾಳೆ ಹಾಳೆ ಬಿಡಿಸಿ ಒಣಗಿಸಿದ. ಕೆಲವು ತಿಂಗಳಿಗೆ ರಾಯರು ಸಿಂಧನೂರಿನ ಬಜಾರಿನಲ್ಲಿದ್ದ ಅವನ ಅಂಗಡಿಗೆ ಸೊಳ್ಳೆ ಪರದೆ ತರಲು ಹೋಗಿ, ಅಲ್ಲಿ ಚೆಂದದ ಹೊಸ ರಟ್ಟು ಹಾಕಿದ ಹಳೆಯ ಪುರಾಣವೊಂದನ್ನು ಕಂಡು ಮರುಳಾದರು. ಕೊಂಡು ತಂದು, "ನೋಡು ನಾಗಮ್ಮ, ಇಂಥಾ ಅಪರೂಪದ್ದು ನಮ್ಮಲ್ಲಿ ಇರಲೇ ಇಲ್ಲ" ಎಂದರು. ನಮ್ಮ ವಾಚನಾಲಯದ ಮುದ್ರೆ ಕಾಲುವೆಯಲ್ಲಿ ತೊಳೆದುಹೋಗಿತ್ತು. ನಾನು ಹೊಸ ಮುದ್ರೆ ಒತ್ತಿದೆ.

ಬಾಬುವಿನ ಕಥೆ ನನಗೆ ಗೊತ್ತಾದದ್ದು ಚೂರು ಚೂರಾಗಿ. ಪೂರ್ವ ಬಂಗಾಳದಿಂದ ಅಪ್ಪ ಅವ್ವನ ಜೊತೆ ಹೊರಟಾಗ ಸಣ್ಣ ಹುಡುಗ. ಎಲ್ಲರೂ ಪಾತ್ರೆ, ಬಟ್ಟೆ ಕಟ್ಟಿಕೊಂಡರೆ ಅವನ ಅಪ್ಪ ಒಂದು ಗಂಟು ಪುಸ್ತಕ ಕಟ್ಟಿಕೊಂಡನಂತೆ. ದಾರಿಯಲ್ಲಿ ಯಾವುದೋ ಡೇರೆಯ ಕ್ಯಾಂಪಿನಲ್ಲಿ ಮಳೆಗಾಲ ಕಳೆಯಬೇಕಾಯಿತು. ಒಣ ಕಟ್ಟಿಗೆ ಸಿಗಲಿಲ್ಲ. ಅವ್ವ ಒಂದೊಂದೇ ಪುಸ್ತಕ ಒಲೆಗೆ ಹಾಕಿ ಅನ್ನ ಬೇಯಿಸಿದಳು. ಅಪ್ಪ ಆ ಕಡೆ ಮುಖ ಮಾಡಿ ಕೂರುತ್ತಿದ್ದ.

"ಅನ್ನ ಭಾಳ ರುಚಿ ಇತ್ತು ದೀದಿ" ಎಂದು ಬಾಬು ಒಮ್ಮೆ ಹೇಳಿದ. "ನಾ ಇನ್ನಷ್ಟು ಬೇಕಂದೆ. ಅದ ಮನಸಿನಾಗ ಕುಂತೈತಿ."

ಆಮೇಲೆ ಸರ್ಕಾರ ಇವರಿಗೆಲ್ಲ ಸಿಂಧನೂರಿನ ಬಳಿ ಭೂಮಿ ಕೊಟ್ಟಿತು. ಕಾಲುವೆಯ ನೀರಿಗೆ ಅವರು ಭತ್ತ ಬೆಳೆದರು. ಬಾಬುವಿಗೆ ಗದ್ದೆ ಹಿಡಿಸಲಿಲ್ಲ. "ನೀರು ಬಂದಲ್ಲಿ ಭತ್ತ, ಭತ್ತ ಬಂದಲ್ಲಿ ಮಚ್ಚರ, ಮಚ್ಚರ ಬಂದಲ್ಲಿ ಹರಿಪದ" ಎಂದು ಸೈಕಲ್ಲಿಗೆ ಪರದೆಗಳ ಗಂಟು ಕಟ್ಟಿಕೊಂಡು ಊರೂರು ತಿರುಗಿದ. ಬೇರೆ ವ್ಯಾಪಾರಿಗಳು ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹಾಗೆ ಇವನು ಹಳೆಯ ಪುಸ್ತಕಕ್ಕೆ ಮಚ್ಚರದಾನಿ ಕೊಡಲು ಶುರು ಮಾಡಿದ. ಓಣಿಯ ಬಾಯಲ್ಲಿ ನಿಂತು, "ಹಳೇ ಪುಸ್ತಕ ಕೊಡ್ರೀ, ಸುಖನಿದ್ದಿ ತಗೋರೀ" ಎಂದು ಕೂಗುತ್ತಿದ್ದ. ಮನೆಯ ಮಾಡಿನಲ್ಲಿ, ಕಾಳು ತುಂಬುವ ಹಗೇವಿನ ಪಕ್ಕದಲ್ಲಿ, ಗೌರಿ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಕಲ್ಲಚ್ಚಿನ ಪುಸ್ತಕಗಳು, ಉರ್ದು ಲೆಕ್ಕದ ಪುಸ್ತಕಗಳು, ತೆಲುಗು ಪಂಚಾಂಗಗಳು ಹಾಗೆ ಹೊರಗೆ ಬಂದವು. ತಾನು ಪಡೆದ ಪ್ರತಿ ಪುಸ್ತಕದ ರಟ್ಟಿನ ಒಳಗೆ ಒಂದು ಚೂರು ಪರದೆಯ ಬಟ್ಟೆ ಅಂಟಿಸುತ್ತಿದ್ದ. ಅದೇ ಅವನ ಮುದ್ರೆ.

ಅವನ ಮನೆಗೆ ಮೊದಲು ಹೋದಾಗ ನಾನು ಬೆರಗಾದೆ. ಒಂದು ಇಡೀ ಕೋಣೆಯಲ್ಲಿ ಪುಸ್ತಕಗಳು ಮಂಚದ ಮೇಲೆ ಸಾಲಾಗಿ ಮಲಗಿದ್ದವು, ಹುಳ ಹಲ್ಲಿ ಬರದಂತೆ ಅವುಗಳಿಗೆಲ್ಲ ಪರದೆ ಕಟ್ಟಿತ್ತು. ಮನೆಯವರು ಹೊರಗೆ ಚಾಪೆಯ ಮೇಲೆ ಮೈ ಕೆರೆದುಕೊಳ್ಳುತ್ತ ಕೂತಿದ್ದರು.

"ನನ್ನ ಗಂಡಗ ಎರಡು ಸಂಸಾರ ಅಕ್ಕಾ" ಎಂದಳು ಅವನ ಹೆಂಡತಿ ಬಾಸಂತಿ. "ದೊಡ್ಡದಕ್ಕ ಮಚ್ಚರದಾನಿ, ಸಣ್ಣದಕ್ಕ ಮಚ್ಚರ."

ಒಂದು ವರ್ಷ ಸರಸ್ವತಿ ಪೂಜೆಗೆ ಬಾಬು ನನ್ನನ್ನೂ ರಾಯರನ್ನೂ ಕ್ಯಾಂಪಿಗೆ ಕರೆದ. ಬಂಗಾಳಿಗಳು ಆ ದಿನ ಪುಸ್ತಕಗಳನ್ನೆಲ್ಲ ದೇವಿಯ ಮುಂದೆ ಇಟ್ಟುಬಿಡುತ್ತಾರೆ, ಯಾರೂ ಓದುವಂತಿಲ್ಲ. ನಮ್ಮ ವಾಚನಾಲಯದಲ್ಲಿ ಆ ಕಟ್ಟಳೆ ವರ್ಷವಿಡೀ ನಡೆಯುತ್ತಿದ್ದುದರಿಂದ ನಮಗೇನೂ ಹೊಸದೆನಿಸಲಿಲ್ಲ. ಊಟಕ್ಕೆ ಮುಂಚೆ ಬಾಬು ಕಣ್ಣು ಮಿಟುಕಿಸಿ ಹೇಳಿದ:

"ಇವತ್ತ ನಿಮಗ ನಿಮ್ಮ ಅಜ್ಜ ಮುತ್ತಜ್ಜರ ಪಾನಕ ಕುಡಸ್ತೀನಿ. ಗುರುಗುಂಟಾದಾಗ ಒಂದು ಅಡಿಗಿ ಪುಸ್ತಕ ಸಿಕ್ಕೈತಿ. ಭಾಳ ಹಳೇದು. ಎರಡು ಮಚ್ಚರದಾನಿ ಕೊಟ್ಟೀನಿ."

ಬಾಸಂತಿ ಪಾನಕ ತಂದಳು. ಲೋಟದಲ್ಲಿ ಅಲ್ಲ, ಓರೆಯಾಗಿ ಕೊಯ್ದ ಬಿದಿರಿನ ಕೊಳವೆಗಳಲ್ಲಿ. ಹಾಗೆಯೇ ಕುಡಿಸಬೇಕೆಂದು ಪುಸ್ತಕದಲ್ಲಿ ಬರೆದಿದೆಯಂತೆ. ಬೆಲ್ಲ, ಅಜವಾನ, ಬಳ್ಳೊಳ್ಳಿ, ಒಣಶುಂಠಿ, ಇಂಗು, ಮೇಲೆ ತೇಲುವ ಎಳ್ಳೆಣ್ಣೆ. ನನಗೆ ಒಂದು ಗುಟುಕಿಗೆ ಕಿವಿಯಲ್ಲಿ ಹೊಗೆ ಬಂತು. ರಾಯರು ಮರ್ಯಾದೆಗೆಂದು ಪೂರ್ತಿ ಕುಡಿದರು. ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆಯಿಂದ ಒಂದು ದೊಡ್ಡ ತೇಗು ಬಂತು. ಪೂಜೆಯ ಗಂಟೆ ಬಾರಿಸುತ್ತಿದ್ದವರು ಒಂದು ಕ್ಷಣ ನಿಲ್ಲಿಸಿದರು. ರಾಯರ ಮುಖ ಅರಳಿತು.

"ಎಷ್ಟೋ ವರ್ಷದ ವಾಯು ಹೋತು ನೋಡು! ಇನ್ನೊಂದು ಕೊಳವಿ ಕೊಡಮ್ಮ" ಎಂದರು.

ಮರುದಿನ ಕಚೇರಿಗೆ ಬಂದವರೇ, "ನಾಗಮ್ಮ, ಅದನ್ನ ಹೆಂಗ ಮಾಡೋದಂತ ಬರಕೊಂಡು ಬಾ. ನಮ್ಮ ಮನಿಯವರಿಗೆ ಬೇಕು" ಎಂದು ಕಳಿಸಿದರು. ನಾನು ಹೋಗಿ ಪುಸ್ತಕ ಬಿಡಿಸಿದೆ. ಕಲ್ಲಚ್ಚಿನ ದಪ್ಪ ಅಕ್ಷರ, ಸುಂದರವಾದ ಕಾಗದ. ಬಾಬು ಓದಿದ್ದು ಸಾಮಾನಿನ ಹೆಸರುಗಳನ್ನು ಮಾತ್ರ. ಉದ್ದ ಉದ್ದದ ಮಾತು ಬಂದಲ್ಲಿ ಜಿಗಿದುಬಿಟ್ಟಿದ್ದ. ನಾನು ಜಿಗಿಯದೆ ಓದಿದೆ. ಅದು ದನದ ವೈದ್ಯದ ಪುಸ್ತಕ. ರಾಯರು ಎರಡು ಸಲ ಕುಡಿದದ್ದು ಹೊಟ್ಟೆ ಉಬ್ಬಿದ ಎತ್ತಿನ ಔಷಧ. ಬಿದಿರಿನ ಕೊಳವೆ ಅಂದರೆ ದನದ ಬಾಯಿಗೆ ಮದ್ದು ಹೊಯ್ಯುವ ಗೊಟ್ಟ.

ಬಾಬು ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಇಬ್ಬರೂ ನಕ್ಕೂ ನಕ್ಕೂ ನೆಲಕ್ಕೆ ಬಿದ್ದೆವು. ಎತ್ತಿನ ಮಾತೊಂದು ಬಿಟ್ಟು ಉಳಿದದ್ದನ್ನು ಚೆಂದವಾಗಿ ಬರೆದು ರಾಯರಿಗೆ ಕೊಟ್ಟೆ. ಅವರು ಬದುಕಿದ್ದ ತನಕ ಏಕಾದಶಿಯ ಮರುದಿನ ಅದನ್ನೇ ಕುಡಿದರು.

ನಗು ನಿಂತ ಮೇಲೆ ನಾನು ಇನ್ನೊಂದು ಗಮನಿಸಿದೆ. ಪುಸ್ತಕ ಶುರುವಾಗುವುದೇ ನಡುವಿನಿಂದ. ಮುಂದಿನ ಅರ್ಧ ಇಲ್ಲ. ಹೊಲಿಗೆಯ ದಾರವನ್ನು ಯಾರೋ ನೆಟ್ಟಗೆ ಕೊಯ್ದಿದ್ದರು.

"ಇದು ಪೂರ್ತಿ ಅಲ್ಲ ಬಾಬು."

"ಪೂರ್ತಿ ಐತಿ ಅಂತ ಆಣಿ ಮಾಡಿ ಕೊಟ್ಟಾನ ದೀದಿ. ನಮ್ಮ ಪಾಲಿಗೆ ಬಂದಿದ್ದು ಇಷ್ಟ, ಅಂದ."

ಆ ದಿನದಿಂದ ಬಾಬುವಿಗೆ ನಿದ್ದೆ ಹತ್ತಲಿಲ್ಲ. ಕೋಣೆ ತುಂಬ ಪುಸ್ತಕವಿದ್ದರೂ ಆ ಮುಂದಿನ ಅರ್ಧವೊಂದೇ ಅವನ ಬಾಯಲ್ಲಿ. ವ್ಯಾಪಾರಕ್ಕೆ ಹೋದಲ್ಲೆಲ್ಲ ಹಿಂದಿನ ಅರ್ಧವನ್ನು ಚೀಲದಲ್ಲಿ ಹಾಕಿಕೊಂಡೇ ತಿರುಗುತ್ತಿದ್ದ, ಜೋಡಿ ಸಿಕ್ಕರೆ ಹೊಂದಿಸಿ ನೋಡಲು. ಗುರುಗುಂಟಾಕ್ಕೆ ಒಬ್ಬನೇ ಹೋಗಲು ಮಾತ್ರ ಹಿಂಜರಿಕೆ. ಪುಸ್ತಕ ಕೊಟ್ಟ ಲಿಂಗಪ್ಪ, "ನಾ ಕೊಟ್ಟೀನಂತ ಯಾರ ಮುಂದನೂ ಅನ್ನಬ್ಯಾಡ" ಎಂದು ಕೈ ಹಿಡಿದು ಕೇಳಿಕೊಂಡಿದ್ದನಂತೆ. ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಗುರುಗುಂಟಾ ಆ ತಾಲೂಕಿನ ಊರು. ವರ್ಗದ ಆದೇಶ ನನ್ನ ಕೈಗೆ ಬರುವ ಮೊದಲೇ ಬಾಬು ಪೇಡೆ ಹಿಡಿದು ಬಂದಿದ್ದ.

ಒಂದು ಭಾನುವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು, ಬಾಬುವಿನ ಹೆಗಲಿಗೆ ಎಂದಿನಂತೆ ಪರದೆಗಳ ಗಂಟು. ಹಳೆಯ ಪುಸ್ತಕಗಳ ಪಟ್ಟಿ ಮಾಡಲು ಬಂದವರೆಂದು ಹೇಳಿಕೊಳ್ಳುವುದು ನಮ್ಮ ಉಪಾಯ. ವಿಚಾರಿಸಿದಾಗ ತಿಳಿದದ್ದು, ಲಿಂಗಪ್ಪನಿಗೆ ಅಮರಪ್ಪ ಎಂಬ ಅಣ್ಣನಿದ್ದಾನೆ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದಾರೆ, ಇಬ್ಬರಿಗೂ ಮಾತಿಲ್ಲ.

ಅಮರಪ್ಪ ಕಟ್ಟುಮಸ್ತಾದ ರೈತ. ದೊಡ್ಡ ಮೀಸೆ. ನಮ್ಮನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿ, ಕೇಳುವ ಮೊದಲೇ ಅರಿವೆಯಲ್ಲಿ ಸುತ್ತಿದ ಪುಸ್ತಕ ತಂದು ತೋರಿಸಿದ. ಬಾಬು ಕಟ್ಟೆಯ ತುದಿಗೆ ಸರಿದು ಬಗ್ಗಿದ. ಮೊದಲ ಹಾಳೆಯಲ್ಲಿ ಕೈಯಿಂದ ಬಣ್ಣ ತುಂಬಿದ ಎತ್ತಿನ ಚಿತ್ರ. ಆಮೇಲೆ ಒಂದೊಂದು ರೋಗದ ಹೆಸರು, ಅದರ ಲಕ್ಷಣ. ಅಲ್ಲಿಗೆ ನಿಂತಿತ್ತು.

"ನಮ್ಮಪ್ಪ ಇದನ್ನ ನೋಡಿ ಊರಿನ ದನಕ್ಕೆಲ್ಲ ಔಷಧ ಕೊಡ್ತಿದ್ದ" ಎಂದ ಅಮರಪ್ಪ. "ಅಂವ ಹೋದ ಮ್ಯಾಲ ಪಾಲಾತು. ಹೊಲ ಪಾಲಾತು, ದನ ಪಾಲಾದ್ವು. ಇದನ್ನ ಮಾತ್ರ ನಾ ಬಿಡಲಿಲ್ಲ, ಅಂವನೂ ಬಿಡಲಿಲ್ಲ. ಹಿರ್ಯಾರು ಕುಂತು ಕುಡಗೋಲಿಲೆ ನಡುವ ಕೊಯ್ದು ಕೊಟ್ರು. ಒಂದು ಹಾಳಿ ಹೆಚ್ಚಿಲ್ಲ, ಒಂದು ಹಾಳಿ ಕಡಿಮಿಲ್ಲ!"

ಆ ನ್ಯಾಯದ ಬಗ್ಗೆ ಅವನಿಗೆ ಇನ್ನೂ ಹೆಮ್ಮೆ ಇತ್ತು. ರೋಗಗಳೆಲ್ಲ ಅಣ್ಣನ ಪಾಲಿಗೆ, ಔಷಧಗಳೆಲ್ಲ ತಮ್ಮನ ಪಾಲಿಗೆ. ಗೊಟ್ಟವೂ ಔಷಧದ ಸಾಮಾನೆಂದು ತಮ್ಮನ ಪಾಲಿಗೇ ಹೋಗಿತ್ತು.

"ಮತ್ತ ದನಕ್ಕ ಜಡ್ಡು ಬಂದ್ರ?" ಎಂದು ಕೇಳಿದೆ.

"ಗ್ವಾಡಿ ಐತಲ್ರಿ!"

ಅದೇನೆಂದು ಸ್ವಲ್ಪ ಹೊತ್ತಿಗೆ ಕಂಡಿತು. ಅಂಗಳದಲ್ಲಿ ಕಟ್ಟಿದ್ದ ಎತ್ತು ಬೆಳಗಿನಿಂದ ಮೇವು ಮುಟ್ಟಿರಲಿಲ್ಲ. ನಾವು ಮಾತಾಡುತ್ತಿದ್ದಂತೆ ಅದು ನರಳಿ ಕಾಲು ಝಾಡಿಸತೊಡಗಿತು. ದನದ ಡಾಕ್ಟರು ಬೇರೆ ಊರಿಗೆ ಹೋಗಿದ್ದರು, ಅವರಿಗೆ ಹೇಳಿಕಳಿಸಿಯಾಗಿತ್ತು. ಅಮರಪ್ಪ ಎತ್ತಿನ ಪಕ್ಕೆ ಮುಟ್ಟಿ ನೋಡಿ, ಪುಸ್ತಕ ಬಿಡಿಸಿ ನೋಡಿ, ಗೋಡೆಯ ಕಡೆ ತಿರುಗಿ ನಿಂತ.

"ಗ್ವಾಡೀ! ಎತ್ತಿನ ಎಡಗಡಿ ಪಕ್ಕಿ ಉಬ್ಬೈತಿ. ಮೆಲಕು ಹಾಕವಲ್ದು. ಹೊಟ್ಟಿ ಉಬ್ಬರ ಅಂತ ಐತಿ. ಏನು ಹಾಕಬೇಕಂತ ಕೇಳು!"

ಗೋಡೆಯಾಚೆ ಲಿಂಗಪ್ಪ ಒಂದೆರಡು ಸಲ ಕೆಮ್ಮಿದ. ಆಮೇಲೆ ಒಂದು ಸಣ್ಣ ಧ್ವನಿ ಬಂತು. "ಗ್ವಾಡೀ, ಬೇವಿನ ತಪ್ಪಲ ಅರದು ಅರಿಷಿಣ ಕೂಡಿಸಿ ಹಚ್ಚಂತ ಹೇಳು."

ಅಮರಪ್ಪ ನಮ್ಮ ಕಡೆ ತಿರುಗಿ ಬೇಸರದಿಂದ ಹೇಳಿದ: "ಯಾಕೋ ಇತ್ತಿತ್ಲಾಗ ಎಲ್ಲಾದಕ್ಕೂ ಬೇವು ಅರಿಷಿಣ. ಕಾಲುಬ್ಯಾನಿಗೂ ಅದ, ಕೆಮ್ಮಿಗೂ ಅದ. ಹೊಟ್ಟಿ ಒಳಗ ಉಬ್ಬೈತಿ, ಮ್ಯಾಲ ಹಚ್ಚಿದ್ರ ಏನಾಕೈತ್ರಿ?"

ಎತ್ತು ಮೊಣಕಾಲೂರಿತು. ಅಮರಪ್ಪನ ಹೆಂಡತಿ ಅಳಲು ಶುರು ಮಾಡಿದಳು. ಬಾಬು ನನ್ನ ಪಕ್ಕದಲ್ಲಿ ಚೀಲ ಅಪ್ಪಿಕೊಂಡು ಬೆವರುತ್ತಿದ್ದ. ಔಷಧದ ಅರ್ಧ ಆ ಚೀಲದಲ್ಲೇ ಇತ್ತು, ಅಮರಪ್ಪನ ಅರ್ಧಕ್ಕೆ ಒಂದು ಮಾರು ದೂರದಲ್ಲಿ.

"ದೀದಿ, ಇಲ್ಲೇ ತಗದ್ರ ಲಿಂಗಪ್ಪನ ಮಾನ ಹೋಗ್ತೈತಿ" ಎಂದು ಪಿಸುಗುಟ್ಟಿದ. "ತಗೀದಿದ್ರ ಎತ್ತು ಹೋಗ್ತೈತಿ. ಲಿಂಗಪ್ಪಗ ಒಯ್ದು ಕೊಟ್ರ ನನ್ನ ಪುಸ್ತಕ ಹೋಗ್ತೈತಿ."

ಆ ಅರ್ಧವನ್ನು ಅವನು ಎಷ್ಟು ಜೋಪಾನ ಮಾಡಿದ್ದನೆಂದು ನನಗೆ ಗೊತ್ತಿತ್ತು. ಬಾಬು ಒಮ್ಮೆ ಎತ್ತನ್ನು ನೋಡಿದ, ಒಮ್ಮೆ ಚೀಲವನ್ನು ನೋಡಿದ. ಎದ್ದು ನಿಂತು ಕಿರುಬೆರಳು ತೋರಿಸಿ, "ಒಂದಕ್ಕ ಹೋಗಿ ಬರ್ತೀನ್ರಿ" ಎಂದವನೇ ಮನೆ ಸುತ್ತುಹಾಕಿ ಆಚೆ ಓಡಿದ.

ಗೋಡೆಯಾಚೆ ಗುಸುಗುಸು ಕೇಳಿತು. ಆಮೇಲೆ ಲಿಂಗಪ್ಪನ ಧ್ವನಿ ಎದ್ದಿತು, ಈ ಸಲ ಮೇಷ್ಟರ ಹಾಗೆ ಗಟ್ಟಿಯಾಗಿ. "ಗ್ವಾಡೀ, ಬರಕೊಳಾಕ ಹೇಳು! ಅಜವಾನ, ಬಳ್ಳೊಳ್ಳಿ, ಒಣಶುಂಠಿ ಕುಟ್ಟಿ..." ಅವನು ತಡವರಿಸಿದಲ್ಲಿ ಇನ್ನೊಂದು ಧ್ವನಿ ಮೆಲ್ಲಗೆ, "ಇಂಗು, ಇಂಗು" ಎನ್ನುತ್ತಿತ್ತು. ಬಾಸಂತಿಯ ಪಾನಕ ಬಾಬುವಿಗೆ ಬಾಯಿಪಾಠ.

"ಗ್ವಾಡಿ ಆಚೆ ಬಂಗಾಲಿ ಧ್ವನಿ ಬರಾಕತ್ತೈತಲ್ರೀ?" ಎಂದ ಅಮರಪ್ಪ.

"ಗಾಳಿ ಇರಬೇಕ್ರಿ" ಎಂದೆ.

"ಬೆಲ್ಲ ಎಳ್ಳೆಣ್ಣಿ ಕೂಡಿಸಿ ಗೊಟ್ಟದಿಂದ ಕುಡಿಸತಕ್ಕದ್ದು!" ಎಂದು ಗೋಡೆ ಮುಗಿಸಿತು. ಅಮರಪ್ಪನ ಹೆಂಡತಿ ಒಳಗೆ ಓಡಿ ಕುಟ್ಟಿ ತಂದಳು. ಆದರೆ ಗೊಟ್ಟ ಆ ಮನೆಯಲ್ಲಿ. ಗೋಡೆಯ ಮೇಲಿಂದ ಎಸೆದರೆ ಒಣ ಬಿದಿರು ಸೀಳಿಹೋಗುತ್ತದೆ. ಆಮೇಲೆ ಬಾಗಿಲಲ್ಲಿ ಲಿಂಗಪ್ಪ ಬಂದು ನಿಂತ, ಅವನ ಬೆನ್ನ ಹಿಂದೆ ಬಾಬು. ಒಂದು ಕೈಯಲ್ಲಿ ಗೊಟ್ಟ, ಒಂದು ಕೈಯಲ್ಲಿ ಪುಸ್ತಕ. ಪಾಲಾದ ಮೇಲೆ ಅವನು ಆ ಹೊಸ್ತಿಲು ದಾಟಿರಲಿಲ್ಲ. ಎತ್ತು ಮತ್ತೊಮ್ಮೆ ನರಳಿತು, ಅವನು ಪುಸ್ತಕವನ್ನು ಕಟ್ಟೆಯ ಮೇಲೆ ಒಗೆದು ಒಳಗೆ ನುಗ್ಗಿದ.

"ಬಾಯಿ ಹಿಡಿ."

"ಹಿಡದೀನಿ. ನೀ ಮೆತ್ತಗ ಹಾಕು. ಮೂಗಿಗೆ ಹೋದೀತು."

ಅದನ್ನು ಗೋಡೆಗೆ ಹೇಳಬೇಕಿತ್ತೆಂದು ಇಬ್ಬರಿಗೂ ನೆನಪಾಗಲಿಲ್ಲ. ಸ್ವಲ್ಪ ಹೊತ್ತು ತಿರುಗಾಡಿಸಿದ ಮೇಲೆ ಎತ್ತು ಒಂದು ದೊಡ್ಡ ತೇಗು ತೇಗಿತು. ನನಗೆ ವೆಂಕೋಬರಾಯರು ನೆನಪಾದರು. ಸಂಜೆಗೆ ಡಾಕ್ಟರು ಬಂದು ಸೂಜಿ ಹಾಕಿ, ಇನ್ನೇನೂ ಭಯವಿಲ್ಲ ಎಂದರು.

ಪೇಚಾಟ ಶುರುವಾದದ್ದು ಅದರ ನಂತರ. ಅಮರಪ್ಪ ಕಣ್ಣೊರೆಸಿಕೊಂಡು ಎರಡೂ ಅರ್ಧಗಳನ್ನು ಕಟ್ಟೆಯ ಮೇಲೆ ಕೂಡಿಸಿ ಇಟ್ಟ. ಹಿಂದಿನ ರಟ್ಟು ಬಿಡಿಸಿದವನ ಕೈ ನಿಂತಿತು. ಒಳಗೆ ಒಂದು ಚೂರು ಸೊಳ್ಳೆ ಪರದೆ ಅಂಟಿತ್ತು. ಅದನ್ನು ನೋಡಿದ. ಬಾಬುವಿನ ಹೆಗಲ ಮೇಲಿದ್ದ ಪರದೆಗಳ ಗಂಟನ್ನು ನೋಡಿದ. ತಮ್ಮನನ್ನು ನೋಡಿದ.

"ಮಾರ್ಕೊಂಡಿ?"

ಲಿಂಗಪ್ಪ ತಲೆ ತಗ್ಗಿಸಿದ. "ಸೊಸಿ ಬಾಣಂತಿ ಇದ್ಲು. ಗುಂಗಾಡು ಕೂಸಿನ ಮುಖಾ ಎಲ್ಲಾ ಕಡದಿದ್ವು. ಎರಡು ಮಚ್ಚರದಾನಿಗೆ ಕೊಟ್ಟೆ."

ಈಗ ಹೊಡೆದೇ ಹೊಡೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಮರಪ್ಪನ ಮೀಸೆ ಅದುರಿತು.

"ಎರಡು!" ಎಂದು ಗುಡುಗಿದ. "ಎರಡು ತಗೊಂಡು ಒಂದು ನನಗ ಕೊಡಬೇಕಂತ ಅನಸಲಿಲ್ಲೇನೋ ನಿನಗ? ಗ್ವಾಡಿ ಈಚೆ ನಾ ಕಡಸ್ಕೊಂಡು ಸಾಯಾಕತ್ತೀನಿ, ಆಚೆ ನೀ ಪರದ್ಯಾಗ ಮಲಗೀದಿ!"

ಲಿಂಗಪ್ಪ ಮೊದಲು ಅತ್ತ, ಆಮೇಲೆ ನಕ್ಕ. ಅವರ ಹೆಂಡಂದಿರು ಮೊದಲು ನಕ್ಕು ಆಮೇಲೆ ಅತ್ತರು. ಬಾಬು ಮಾತ್ರ ಕಟ್ಟೆಯ ಮೇಲಿದ್ದ ಪುಸ್ತಕವನ್ನೇ ನೋಡುತ್ತಿದ್ದ. ಕೊಯ್ದ ಅಂಚಿಗೆ ಅಂಚು ಹೊಂದಿ ಕೂತಿತ್ತು. ಅವನು ಇಷ್ಟು ದಿನ ಬಯಸಿದ್ದು ಅದನ್ನೇ. ಒಂದು ಸಲ ಕೈಯಾಡಿಸಿ, ಚೀಲ ಹೆಗಲಿಗೆ ಹಾಕಿಕೊಂಡ.

"ನೀವ ಇಟ್ಕೋರಿ. ಕೂಡ್ಯಾವ. ಇನ್ನ ನಾ ಒಯ್ಯಾಂಗಿಲ್ಲ" ಎಂದ.

ಆದರೆ ನಮ್ಮ ಜನ ಅಷ್ಟು ಸುಲಭವಾಗಿ ಒಳ್ಳೆಯವರಾಗುವುದಿಲ್ಲ. ನಾವು ಚಹಾ ಕುಡಿಯುವಷ್ಟರಲ್ಲಿ, ಪುಸ್ತಕ ಯಾರ ಮನೆಯಲ್ಲಿ ಇರಬೇಕೆಂದು ಶುರುವಾಯಿತು. ನಾ ದೊಡ್ಡಾವ ಎಂದ ಅಮರಪ್ಪ. ಎತ್ತು ಉಳಿಸಿದ್ದು ನನ್ನ ಅರ್ಧ ಎಂದ ಲಿಂಗಪ್ಪ. ಚಿತ್ರ ಇರೋದು ನನ್ನದರಲ್ಲಿ ಎಂದ ಅಣ್ಣ. ಚಿತ್ರ ತೋರಿಸಿದರೆ ಎತ್ತು ತೇಗುತ್ತದೇನು ಎಂದ ತಮ್ಮ. ಕೊನೆಗೆ ಅಮರಪ್ಪ ಎದ್ದು, "ನಿನ್ನ ಮನ್ಯಾಗ ಇಡೂದಕ್ಕಿಂತ ಈ ಬಂಗಾಲಿಗೆ ಕೊಡೂದ ಚಲೋ!" ಎಂದು ಕಿರುಚಿದ.

"ನಾನೂ ಅದನ್ನ ಅನ್ನಾಕತ್ತೀನಿ!" ಎಂದ ಲಿಂಗಪ್ಪ.

ಪಾಲಾದ ಮೇಲೆ ಅಣ್ಣತಮ್ಮ ಒಪ್ಪಿದ ಮೊದಲ ಮಾತು ಅದು. ಬಾಬು ಅದು ಆರುವ ಮೊದಲೇ ಎರಡೂ ಅರ್ಧ ಚೀಲಕ್ಕೆ ಹಾಕಿಕೊಂಡ. ಬೇಕಾದಾಗ ಬಂದು ಓದಿಕೊಂಡು ಹೋಗುವುದು ಎಂದು ಕರಾರಾಯಿತು. ಒಬ್ಬನೇ ಬಂದರೆ ತೋರಿಸಬಾರದು ಎಂದು ಇಬ್ಬರೂ ಬೇರೆ ಬೇರೆಯಾಗಿ ಬಾಬುವಿನ ಕಿವಿಯಲ್ಲಿ ಹೇಳಿದರು. ಅಮರಪ್ಪನಿಗೂ ಮಚ್ಚರದಾನಿ ಸಿಕ್ಕಿತು, ತಮ್ಮನಿಗೆ ಕೊಟ್ಟಷ್ಟೇ.

ನನ್ನ ಕೊನೆಯ ವರ್ಷಗಳು ಸಿಂಧನೂರಿನಲ್ಲಿ ಕಳೆದವು. ಅಷ್ಟರಲ್ಲಿ ಕಾರ್ಡಿನ ಡ್ರಾಯರ್ ಹೋಗಿ ಕಂಪ್ಯೂಟರ್ ಬಂದಿತ್ತು. ಹೊಸ ಮ್ಯಾನೇಜರ್ ಉತ್ಸಾಹದ ಹುಡುಗ. ಅಪರೂಪದ ಪುಸ್ತಕಗಳ ಪ್ರದರ್ಶನ ಮಾಡಬೇಕು, ಬಾಬುವಿನ ದನದ ವೈದ್ಯವನ್ನು ಒಂದೇ ಮಾಡಿ ಹೊಲಿಸಿ ರೆಕ್ಸಿನ್ ರಟ್ಟು ಹಾಕಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಎಂದ. ನನಗೂ ಅದೇ ಸರಿಯೆನಿಸಿತು. ಎರಡು ತುಂಡಾಗಿರುವ ಪುಸ್ತಕವನ್ನು ನೋಡಿಕೊಂಡು ಸುಮ್ಮನಿರುವುದು ವಾಚನಾಲಯದವರಿಗೆ ಕಷ್ಟ. ಹೋಗಿ ಕೇಳಿದೆ.

ಬಾಬು ಮೊಬೈಲಿನಲ್ಲಿ ಎಷ್ಟು ಬೇಕಾದರೂ ಫೋಟೋ ಹೊಡೆದುಕೊಳ್ಳಿ ಎಂದ. ಹೊಲಿಸಲು ಮಾತ್ರ ಒಪ್ಪಲಿಲ್ಲ.

"ಹೊಲಿದ್ರ ಒಬ್ಬ ಓದಿದ್ರ ಸಾಕಾಕೈತಿ ದೀದಿ. ಹಿಂಗ ಇದ್ರ ಇಬ್ಬರು ಬೇಕು." ಎರಡೂ ಅರ್ಧಗಳನ್ನು ಅರಿವೆಯಲ್ಲಿ ಸುತ್ತುತ್ತ ಹೇಳಿದ: "ನಮ್ಮ ದೇಶ ಪಾಲಾದಾಗ ಹಿಂಗ ನಡುವ ಕುಂದ್ರೋರು ಯಾರೂ ಇರಲಿಲ್ಲ."

ನಾನು ಮ್ಯಾನೇಜರಿಗೆ, ಹೊಲಿದರೆ ಕಾಗದ ಪುಡಿಯಾಗುತ್ತದಂತೆ ಎಂದು ಸುಳ್ಳು ಹೇಳಿದೆ. ಈ ಕೆಲಸದಲ್ಲಿ ಇಂಥ ಸುಳ್ಳು ಆಗಾಗ ಬೇಕಾಗುತ್ತದೆ.

ಈಗ ನಾನು ನಿವೃತ್ತಳಾಗಿ ಪೇಟೆಗೆ ಹೋದಾಗಲೆಲ್ಲ ಬಾಬುವಿನ ಅಂಗಡಿಯಲ್ಲಿ ಕೂರುತ್ತೇನೆ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಮನೆಯನ್ನೂ ಅಂಗಡಿಯ ಹಿಂದಕ್ಕೇ ತಂದುಕೊಂಡ ಬಾಬು ಹಿಂದಿನ ಕೋಣೆಯಲ್ಲಿ ಪರದೆ ಕಟ್ಟಿದ ಪುಸ್ತಕಗಳ ನಡುವೆ ಇರುತ್ತಾನೆ. ಹೋದ ವಾರ ಹೋದಾಗ ಹೊರಗೆ ಒಂದು ಬೈಕು ನಿಂತಿತ್ತು. ಒಳಗೆ ಅಮರಪ್ಪ, ಲಿಂಗಪ್ಪ. ಇಬ್ಬರ ತಲೆಯೂ ಹತ್ತಿಯಂತೆ ಬೆಳ್ಳಗಾಗಿದೆ. ಬೈಕು ಹೊಡೆದದ್ದು ತಮ್ಮ, ಹಿಂದೆ ಕೂತು ದಾರಿಯುದ್ದಕ್ಕೂ ಬೈದದ್ದು ಅಣ್ಣ.

"ಎತ್ತಿಗೆ ಆರಾಮಿಲ್ರಿ ಅಕ್ಕಾರ" ಎಂದ ಅಮರಪ್ಪ. ಕನ್ನಡಕ ಏರಿಸಿ ಮುಂದಿನ ಅರ್ಧ ಬಿಡಿಸಿ, ಎಡಗಡೆಯ ಪಕ್ಕೆ ಉಬ್ಬುವುದು, ಮೆಲುಕು ಹಾಕದಿರುವುದು ಎಂದು ನಿಧಾನವಾಗಿ ಓದಿದ. ಲಿಂಗಪ್ಪ ಹಿಂದಿನ ಅರ್ಧವನ್ನು ಮಡಿಲಲ್ಲಿಟ್ಟುಕೊಂಡು ಹಾಳೆ ತಿರುವಿದ. ಆ ಔಷಧ ಅವನಿಗೆ ಬಾಯಿಪಾಠವೇ ಇದೆ. ಆದರೂ ಒಂದೊಂದೇ ಹಾಳೆ ತಿರುವಿ ತಿರುವಿ ಹುಡುಕಿದ.

ನಾನು ಬಾಬುವಿನ ಹತ್ತಿರ ಸರಿದು, "ಇನ್ನೂ ಎತ್ತು ಇಟ್ಟಾರೇನು? ಅವರ ಊರಾಗೆಲ್ಲ ಟ್ರ್ಯಾಕ್ಟರ್ ಅಲ್ಲ?" ಎಂದು ಕೇಳಿದೆ.

"ಮಾರಿ ಭಾಳ ದಿನಾ ಆತು ದೀದಿ" ಎಂದ ಬಾಬು ಮೆಲ್ಲಗೆ. "ಇಬ್ಬರಿಗೂ ಗೊತ್ತೈತಿ. ಇಬ್ಬರೂ ಅನ್ನಂಗಿಲ್ಲ."

ಅಷ್ಟರಲ್ಲಿ ಬಾಸಂತಿ ಎಲ್ಲರಿಗೂ ಬಿದಿರಿನ ಗೊಟ್ಟಗಳಲ್ಲಿ ಪಾನಕ ತಂದಳು. ಅಜವಾನದ ಘಾಟು ಕೋಣೆ ತುಂಬಿತು. ನನಗೆ ಬಾಯಿ ತಡೆಯಲಿಲ್ಲ.

"ಅಲ್ರೀ ಅಮರಪ್ಪ, ಎತ್ತು ಗುರುಗುಂಟಾದಾಗ ಐತಿ. ಔಷಧ ಇಲ್ಲಿ ಯಾರಿಗೆ?"

ಅಮರಪ್ಪ ಪುಸ್ತಕ ಮುಚ್ಚಿದ. ಮೀಸೆಯ ಕೆಳಗೆ ನಗು ಕಂಡಿತು. ತನ್ನ ಗೊಟ್ಟವನ್ನು ಎತ್ತಿ ತಮ್ಮನ ಕಡೆ ಹಿಡಿದು, "ಬಾಯಿ ತಗಿ" ಎಂದ.

ಲಿಂಗಪ್ಪ ತೆಗೆದ.